ಹೃದಯಕ್ಕೂ ಹಸಿವಾಗುತ್ತದೆ

(ಸಂಘದ ವಾರ್ಷಿಕ ಸಭೆ ಮತ್ತು ಪ್ರತಿಭಾ ಪುರಸ್ಕಾರ ಸಮಾರಂಭದಲ್ಲಿ ವೈದ್ಯರೊಬ್ಬರು ಮಾಡಿದ ಭಾಷಣದ ಬರಹ ರೂಪ)



ಈ ಸಭೆಗೆ ಕರೆಯುವಾಗ ಕಾರ್ಯದರ್ಶಿಯವರು ಒಂದು ಷರತ್ತು ಹಾಕಿದ್ದರು. "ಡಾಕ್ಟರೇ, ಹೃದಯದ ಬಗ್ಗೆ ಮಾತಾಡಿ. ಆದರೆ ಎಣ್ಣೆ ತಿನ್ನಬೇಡಿ, ಉಪ್ಪು ತಿನ್ನಬೇಡಿ ಎಂಬಲ್ಲಿಗೇ ಮುಗಿಸಬೇಡಿ. ಮಕ್ಕಳಿಗೆ ಏನಾದರೂ ಹೊಸದು ತಿಳಿಯಬೇಕು" ಎಂದರು. ಆ ಮಾತು ನನಗೆ ಹಿಡಿಸಿತು. ಆದ್ದರಿಂದ ಇಂದು ಹೃದಯದ ರಕ್ತನಾಳಗಳಿಗಿಂತ ಹೆಚ್ಚಾಗಿ ಹೃದಯದ ಊಟದ ಬಗ್ಗೆ ಹೇಳುತ್ತೇನೆ. ಹೃದಯ ಏನನ್ನು ತಿನ್ನುತ್ತದೆ, ತಿಂದದ್ದನ್ನು ಹೇಗೆ ಶಕ್ತಿಯಾಗಿ ಮಾಡಿಕೊಳ್ಳುತ್ತದೆ, ಆ ವ್ಯವಸ್ಥೆ ಕೆಟ್ಟರೆ ಏನಾಗುತ್ತದೆ ಎಂಬುದೇ ನನ್ನ ವಿಷಯ.

ಮೊದಲು ನನ್ನ ಮನೆಯದೇ ಒಂದು ಘಟನೆ ಹೇಳಿಬಿಡುತ್ತೇನೆ. ಮೂವತ್ತು ವರ್ಷಗಳಿಗೂ ಹಿಂದಿನ ಮಾತು. ನಾನಾಗ ವೈದ್ಯಕೀಯ ಕಾಲೇಜಿನಲ್ಲಿ ಮೊದಲ ವರ್ಷದ ವಿದ್ಯಾರ್ಥಿ. ರಜೆಗೆಂದು ಊರಿಗೆ ಬಂದಿದ್ದೆ. ತಂದೆಯವರಿಗೆ ಒಂದು ಸಣ್ಣ ದಿನಸಿ ಅಂಗಡಿ ಇತ್ತು. ಹನ್ನೆರಡು ವರ್ಷಗಳಿಂದ ಸಕ್ಕರೆ ಕಾಯಿಲೆಯೂ ಇತ್ತು. ಒಂದು ರಾತ್ರಿ ಊಟವಾದ ಮೇಲೆ ಅವರು ಎದ್ದು ಕುಳಿತರು. ಮೈಯೆಲ್ಲ ಬೆವರು, ಉಸಿರು ಮೇಲಕ್ಕೆ, ಹೊಟ್ಟೆಯ ಮೇಲ್ಭಾಗದಲ್ಲಿ ಏನೋ ಹಿಡಿದಂತೆ. ಎದೆನೋವು ಇಲ್ಲವೆಂದು ಅವರೇ ಹೇಳಿದರು. ತಾಯಿ ನನ್ನ ಕಡೆ ತಿರುಗಿ, "ನೀನು ಡಾಕ್ಟರಿಗೆ ಕಲಿಯುತ್ತಿದ್ದೀಯಲ್ಲ, ಏನಾಗಿದೆ ನೋಡು" ಎಂದರು. ನಾನು ನಾಡಿ ಹಿಡಿದು ನೋಡಿದೆ. "ಗ್ಯಾಸ್ ಇರಬೇಕು" ಎಂದೆ. ಸೋಡಾ ಕುಡಿಸಿದೆವು, ಬೆನ್ನು ನೀವಿದೆವು, ಬೆಳಗಾಗುವುದನ್ನು ಕಾದೆವು. ಬೆಳಿಗ್ಗೆ ಆಸ್ಪತ್ರೆಯಲ್ಲಿ ಇಸಿಜಿ ತೆಗೆದಾಗ ಅದು ಹೃದಯಾಘಾತವೆಂದು ತಿಳಿಯಿತು. ಅಷ್ಟರಲ್ಲಿ ಎಂಟು ಗಂಟೆಗಳು ಕಳೆದಿದ್ದವು.

ಆ ರಜೆಗೆ ಬರುವ ಮೊದಲಷ್ಟೇ ಜೀವರಸಾಯನ ಶಾಸ್ತ್ರದ ಪರೀಕ್ಷೆ ಬರೆದಿದ್ದೆ. ಜೀವಕೋಶದಲ್ಲಿ ಆಹಾರ ಉರಿದು ಶಕ್ತಿಯಾಗುವ ಕ್ರೆಬ್ಸ್ ಚಕ್ರದ ಪ್ರತಿಯೊಂದು ಹೆಜ್ಜೆಯೂ ಬಾಯಿಪಾಠವಾಗಿತ್ತು, ಅಂಕಗಳೂ ಚೆನ್ನಾಗಿ ಬಂದವು. ಅದೇ ಚಕ್ರ ನನ್ನ ಕಣ್ಣೆದುರಿನಲ್ಲಿ, ನನ್ನ ತಂದೆಯ ಎದೆಯೊಳಗೆ ನಿಲ್ಲುತ್ತಿದ್ದಾಗ ಮಾತ್ರ ನನಗೆ ಅದು ಕಾಣಲಿಲ್ಲ. ತಂದೆಯವರು ಬದುಕಿ ಉಳಿದರು, ಆದರೆ ದುರ್ಬಲ ಹೃದಯದೊಂದಿಗೆ. ಮುಂದಿನ ಆರು ವರ್ಷ ಅಂಗಡಿಯ ಮೂರು ಮೆಟ್ಟಿಲು ಹತ್ತುವುದಕ್ಕೂ ನಡುವೆ ನಿಲ್ಲುತ್ತಿದ್ದರು. ಒಮ್ಮೆ ನನ್ನನ್ನು ಕೇಳಿದರು: "ಊಟ ಸೇರುತ್ತದೆ, ರಕ್ತದಲ್ಲಿ ಸಕ್ಕರೆಯೂ ಬೇಕಾದಷ್ಟಿದೆ ಅನ್ನುತ್ತೀರಿ. ಆದರೆ ಮೈಯಲ್ಲಿ ಬಲವೇ ಇಲ್ಲ. ಹಾಗಾದರೆ ತಿಂದದ್ದೆಲ್ಲ ಎಲ್ಲಿಗೆ ಹೋಗುತ್ತದೆ?" ಅಂದು ನನ್ನಲ್ಲಿ ಸರಿಯಾದ ಉತ್ತರ ಇರಲಿಲ್ಲ. ಇಂದಿನ ನನ್ನ ಭಾಷಣ ಆ ಪ್ರಶ್ನೆಗೆ ತಡವಾಗಿ ಕೊಡುತ್ತಿರುವ ಉತ್ತರ ಎಂದು ತಿಳಿಯಿರಿ.

ಒಂದು ಮುಷ್ಟಿಯ ದುಡಿಮೆ

ನಿಮ್ಮ ಹೃದಯ ನಿಮ್ಮದೇ ಮುಷ್ಟಿಯಷ್ಟು ದೊಡ್ಡದು. ತೂಕ ಸುಮಾರು 300 ಗ್ರಾಂ. ನಿಮಿಷಕ್ಕೆ 72 ಸಲ ಬಡಿಯುತ್ತದೆ ಎಂದು ಲೆಕ್ಕ ಹಿಡಿದರೆ ದಿನಕ್ಕೆ ಒಂದು ಲಕ್ಷಕ್ಕೂ ಹೆಚ್ಚು ಸಲ ಬಡಿದಂತಾಯಿತು. ಪ್ರತಿ ನಿಮಿಷ ಸುಮಾರು 5 ಲೀಟರ್ ರಕ್ತವನ್ನು ತಳ್ಳುತ್ತದೆ. ದಿನಕ್ಕೆ 7,000 ಲೀಟರ್. ಬೇಸಗೆಯಲ್ಲಿ ನಮ್ಮ ಬೀದಿಗೆ ಬರುವ ನೀರಿನ ಟ್ಯಾಂಕರ್ ಲಾರಿ ನೋಡಿದ್ದೀರಲ್ಲ, ಸುಮಾರಾಗಿ ಅಂಥ ಒಂದು ಲಾರಿ ತುಂಬ. ನಮ್ಮ ಕೈಕಾಲಿನ ಸ್ನಾಯುಗಳು ದುಡಿದು ವಿಶ್ರಾಂತಿ ಪಡೆಯುತ್ತವೆ. ಹೃದಯಕ್ಕೆ ರಜೆಯಿಲ್ಲ. ಎರಡು ಬಡಿತಗಳ ನಡುವಿನ ಅರ್ಧ ಸೆಕೆಂಡಿನಷ್ಟು ಕಾಲವೇ ಅದರ ವಿಶ್ರಾಂತಿ.

ಇಷ್ಟು ದುಡಿಯುವ ಯಂತ್ರಕ್ಕೆ ಶಕ್ತಿ ಎಲ್ಲಿಂದ? ವಿಜ್ಞಾನ ಓದುವ ಮಕ್ಕಳು ಕೂಡಲೇ ಎಟಿಪಿ ಎನ್ನುತ್ತೀರಿ. ಉತ್ತರ ಸರಿ. ಉಳಿದವರಿಗಾಗಿ ನಮ್ಮ ತಂದೆಯ ಅಂಗಡಿಯ ಲೆಕ್ಕದಲ್ಲಿ ಹೇಳುತ್ತೇನೆ. ಅಂಗಡಿಯ ಹಿಂದಿನ ಕೋಣೆಯಲ್ಲಿ ಅಕ್ಕಿ, ಸಕ್ಕರೆ, ಎಣ್ಣೆಯ ದಾಸ್ತಾನು ಎಷ್ಟೇ ಇರಲಿ, ಬಸ್ಸಿನ ಕಂಡಕ್ಟರಿಗೆ ಒಂದು ಹಿಡಿ ಅಕ್ಕಿ ಕೊಟ್ಟು ಟಿಕೆಟ್ ಕೇಳಲಾಗುವುದಿಲ್ಲ. ಕೈಯಲ್ಲಿ ನಗದು ಬೇಕು. ಜೀವಕೋಶದ ನಗದು ಎಟಿಪಿ. ನಾವು ತಿಂದ ಕೊಬ್ಬು, ಸಕ್ಕರೆ ಎಲ್ಲವೂ ದಾಸ್ತಾನು. ದಾಸ್ತಾನನ್ನು ನಗದಾಗಿಸುವ ಜಾಗವೇ ಮೈಟೋಕಾಂಡ್ರಿಯ. ಹೃದಯದ ಸ್ನಾಯುಕೋಶದ ಸುಮಾರು ಮೂರನೇ ಒಂದು ಭಾಗವನ್ನು ಈ ಮೈಟೋಕಾಂಡ್ರಿಯಗಳೇ ತುಂಬಿಕೊಂಡಿವೆ ಎಂದರೆ ಅಲ್ಲಿಯ ವಹಿವಾಟು ಎಷ್ಟಿರಬೇಕು, ಊಹಿಸಿ.

ಇಲ್ಲಿ ಒಂದು ಲೆಕ್ಕ ಕೊಡುತ್ತೇನೆ, ಮನೆಗೆ ಹೋಗಿ ಮಾಡಿ ನೋಡಿ. ಹೃದಯ ಒಂದು ದಿನದಲ್ಲಿ ತಯಾರಿಸಿ ಖರ್ಚು ಮಾಡುವ ಎಟಿಪಿ ಸುಮಾರು 6 ಕಿಲೋ ಎಂದು ವಿಜ್ಞಾನಿಗಳು ಅಂದಾಜು ಮಾಡಿದ್ದಾರೆ. ಅಂದರೆ ತನ್ನ ತೂಕದ ಇಪ್ಪತ್ತು ಪಟ್ಟು. ಆದರೆ ಯಾವುದೇ ಒಂದು ಕ್ಷಣದಲ್ಲಿ ಹೃದಯದೊಳಗೆ ಇರುವ ಎಟಿಪಿ ಒಂದು ಗ್ರಾಂಗಿಂತಲೂ ಕಡಿಮೆ. 6,000 ಗ್ರಾಂ ಅನ್ನು ದಿನದ 86,400 ಸೆಕೆಂಡುಗಳಿಗೆ ಹಂಚಿ. ಕೈಯಲ್ಲಿರುವ ನಗದು ಹತ್ತು ಸೆಕೆಂಡಿಗೆ ಸಾಕಾಗುವಷ್ಟು ಮಾತ್ರ ಎಂದು ತಿಳಿಯುತ್ತದೆ. ಗಳಿಕೆ ನಿಂತರೆ ಹತ್ತು ಸೆಕೆಂಡಿನಲ್ಲಿ ಕೈ ಖಾಲಿ. ಹೃದಯದ ಬಹುತೇಕ ಕಾಯಿಲೆಗಳ ಗುಟ್ಟು ಈ ಒಂದು ಲೆಕ್ಕದಲ್ಲಿದೆ.

ಅಂಗಡಿಯವನು ಕೈಯ ಚಿಲ್ಲರೆಯ ಜೊತೆಗೆ ಗಲ್ಲಾಪೆಟ್ಟಿಗೆಯಲ್ಲೂ ಸ್ವಲ್ಪ ಹಣ ಇಟ್ಟಿರುತ್ತಾನೆ. ಹೃದಯಕ್ಕೂ ಅಂಥ ಗಲ್ಲಾಪೆಟ್ಟಿಗೆ ಇದೆ. ಅದರ ಹೆಸರು ಕ್ರಿಯಾಟಿನ್ ಫಾಸ್ಫೇಟ್. ಎಟಿಪಿ ಕಡಿಮೆ ಬಿದ್ದ ಕೂಡಲೇ ಅದು ಕೊಟ್ಟು ಸರಿದೂಗಿಸುತ್ತದೆ.

ಭೀಮಾವರಂನ ಹುಡುಗ

ಈ ಗಲ್ಲಾಪೆಟ್ಟಿಗೆಯನ್ನು ಕಂಡುಹಿಡಿದವರಲ್ಲಿ ಒಬ್ಬರು ನಮ್ಮ ನೆರೆರಾಜ್ಯ ಆಂಧ್ರದವರು ಎಂದು ನಿಮ್ಮಲ್ಲಿ ಎಷ್ಟು ಜನರಿಗೆ ಗೊತ್ತು? ಅವರ ಹೆಸರು ಯಲ್ಲಾಪ್ರಗಡ ಸುಬ್ಬರಾವ್. 1895ರಲ್ಲಿ ಭೀಮಾವರಂನಲ್ಲಿ ಹುಟ್ಟಿದವರು. ಮೆಟ್ರಿಕ್ಯುಲೇಶನ್ ಪಾಸಾದದ್ದು ಮೂರನೇ ಪ್ರಯತ್ನದಲ್ಲಿ. ಮದರಾಸಿನಲ್ಲಿ ವೈದ್ಯಕೀಯ ಓದುವಾಗ ಖಾದಿ ತೊಟ್ಟದ್ದಕ್ಕೆ ಬ್ರಿಟಿಷ್ ಪ್ರಾಧ್ಯಾಪಕರ ಸಿಟ್ಟಿಗೆ ಗುರಿಯಾದರು. ಕೊನೆಗೆ ಅವರಿಗೆ ಸಿಕ್ಕಿದ್ದು ಪೂರ್ಣ ಪದವಿಯಲ್ಲ, ಅದಕ್ಕಿಂತ ಕೆಳಗಿನ ಎಲ್‌ಎಂಎಸ್ ಪ್ರಮಾಣಪತ್ರ. 1922ರಲ್ಲಿ ಅಮೆರಿಕದ ಬೋಸ್ಟನ್ ನಗರಕ್ಕೆ ಹೋದರು. ಹೋಗುವುದಕ್ಕೆ ಮಾವ ಹಣ ಹೊಂದಿಸಿದರು, ಕಾಕಿನಾಡದ ಒಂದು ಧರ್ಮದತ್ತಿ ನೆರವಿನ ಭರವಸೆ ಕೊಟ್ಟಿತು. ಅಲ್ಲಿ ಹೊಟ್ಟೆಪಾಡಿಗಾಗಿ ಆಸ್ಪತ್ರೆಯಲ್ಲಿ ರಾತ್ರಿಪಾಳಿಯ ಕೆಲಸವನ್ನೂ ಮಾಡಿದರು.

ಅದೇ ಸುಬ್ಬರಾವ್ ಹಾರ್ವರ್ಡ್‌ನಲ್ಲಿ ಸೈರಸ್ ಫಿಸ್ಕೆ ಅವರ ಜೊತೆ ಕೆಲಸ ಮಾಡುತ್ತಾ 1927ರಲ್ಲಿ ಸ್ನಾಯುವಿನಲ್ಲಿ ಕ್ರಿಯಾಟಿನ್ ಫಾಸ್ಫೇಟ್ ಇದೆಯೆಂದು ತೋರಿಸಿದರು. 1929ರಲ್ಲಿ ಅದೇ ಜೋಡಿ ಎಟಿಪಿಯನ್ನೂ ಬೇರ್ಪಡಿಸಿತು. ಜರ್ಮನಿಯ ಕಾರ್ಲ್ ಲೋಮನ್ ಕೂಡ ಅದೇ ವರ್ಷ ಸ್ವತಂತ್ರವಾಗಿ ಅದನ್ನು ಕಂಡುಹಿಡಿದಿದ್ದರು. ಆನೆಕಾಲು ರೋಗಕ್ಕೆ ಇಂದಿಗೂ ಕೊಡುವ ಮಾತ್ರೆ ಹುಟ್ಟಿದ್ದು ಮುಂದೆ ಇದೇ ಸುಬ್ಬರಾವ್ ಅವರ ಮುಂದಾಳ್ತನದ ಪ್ರಯೋಗಾಲಯದಲ್ಲಿ. ಇಂದು ಸಂಘದ ವಿದ್ಯಾರ್ಥಿವೇತನ ಪಡೆಯುತ್ತಿರುವ ಮಕ್ಕಳಿಗೂ, ಅದಕ್ಕೆ ಹಣ ಕೊಟ್ಟ ಸದಸ್ಯರಿಗೂ ನಾನು ಹೇಳುವುದಿಷ್ಟೆ: ಒಬ್ಬ ಹುಡುಗನ ಹಡಗಿನ ಟಿಕೆಟ್ಟಿಗೆ ನಾಲ್ಕು ಜನ ಕೂಡಿಸಿದ ಹಣ ಎಲ್ಲಿಯವರೆಗೆ ಫಲ ಕೊಡುತ್ತದೆ ಎಂದು ಮೊದಲೇ ಹೇಳಲಾಗದು.

ಹೃದಯದ ಊಟದ ತಟ್ಟೆ

ಈಗ ಊಟಕ್ಕೆ ಬರೋಣ. ಮೆದುಳು ಊಟದ ವಿಷಯದಲ್ಲಿ ಹಟಮಾರಿ. ಸಾಮಾನ್ಯ ದಿನಗಳಲ್ಲಿ ಅದಕ್ಕೆ ಗ್ಲೂಕೋಸೇ ಬೇಕು. ಹೃದಯ ಹಾಗಲ್ಲ. ತಟ್ಟೆಯಲ್ಲಿ ಏನು ಬಂದರೂ ತಿನ್ನುತ್ತದೆ. 1950ರ ದಶಕದಲ್ಲಿ ರಿಚರ್ಡ್ ಬಿಂಗ್ ಎಂಬ ವೈದ್ಯರು ಹೃದಯದಿಂದ ಹೊರಬರುವ ರಕ್ತನಾಳದೊಳಕ್ಕೆ ಸಣ್ಣ ಕೊಳವೆ ಇಳಿಸಿದರು. ಒಳಹೋಗುವ ರಕ್ತದಲ್ಲಿ ಏನಿತ್ತು, ಹೊರಬರುವ ರಕ್ತದಲ್ಲಿ ಏನು ಕಡಿಮೆಯಾಯಿತು ಎಂದು ಮನುಷ್ಯರಲ್ಲೇ ಅಳೆದರು. ಹೃದಯ ಯಾವ ಇಂಧನವನ್ನು ಎಷ್ಟು ಬಳಸುತ್ತದೆ ಎಂಬ ತಿಳಿವಳಿಕೆ ಹೀಗೆ ಬೆಳೆಯಿತು.

ಆರೋಗ್ಯವಂತ ಹೃದಯ ತನ್ನ ಶಕ್ತಿಯ ಹೆಚ್ಚಿನ ಪಾಲನ್ನು, ಅಂದರೆ ಅರ್ಧಕ್ಕಿಂತ ಹೆಚ್ಚನ್ನು, ಕೊಬ್ಬಿನ ಆಮ್ಲಗಳಿಂದ ಪಡೆಯುತ್ತದೆ. ಉಳಿದದ್ದು ಗ್ಲೂಕೋಸ್, ಲ್ಯಾಕ್ಟೇಟ್ ಮತ್ತು ಕೀಟೋನ್‌ಗಳಿಂದ. ಊಟವಾದ ಮೇಲೆ ಇನ್ಸುಲಿನ್ ಏರಿದಾಗ ಗ್ಲೂಕೋಸನ್ನು ಹೆಚ್ಚು ಬಳಸುತ್ತದೆ. ನೀವು ಮೈದಾನದಲ್ಲಿ ಓಡುವಾಗ ಕಾಲಿನ ಸ್ನಾಯುಗಳು ಹೊರಹಾಕುವ ಲ್ಯಾಕ್ಟೇಟನ್ನು ಹೃದಯ ಹೀರಿಕೊಂಡು ಉರಿಸುತ್ತದೆ. ಬಹಳ ಹೊತ್ತು ಊಟವಿಲ್ಲದಿದ್ದರೆ ಕೊಬ್ಬನ್ನೂ, ಅದರಿಂದ ಯಕೃತ್ತು ತಯಾರಿಸುವ ಕೀಟೋನನ್ನೂ ಬಳಸುತ್ತದೆ. ತಾಯಿಯ ಗರ್ಭದಲ್ಲಿರುವ ಮಗುವಿಗೆ ಆಮ್ಲಜನಕ ಕಡಿಮೆ, ಆದ್ದರಿಂದ ಅದರ ಹೃದಯ ಮುಖ್ಯವಾಗಿ ಗ್ಲೂಕೋಸ್ ಮತ್ತು ಲ್ಯಾಕ್ಟೇಟ್ ಬಳಸುತ್ತದೆ. ಹುಟ್ಟಿ ಉಸಿರಾಡಿ ತಾಯಿಯ ಹಾಲು ಕುಡಿಯತೊಡಗಿದ ಮೇಲೆ ಕೊಬ್ಬಿನ ಕಡೆಗೆ ಹೊರಳುತ್ತದೆ. ಹೊತ್ತಿಗೆ ತಕ್ಕಂತೆ ಇಂಧನ ಬದಲಾಯಿಸುವ ಈ ಗುಣವೇ ಆರೋಗ್ಯದ ಲಕ್ಷಣ. ಈ ಮಾತನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಇನ್ನೊಂದು ಸಂಗತಿ. ಯಾವ ಇಂಧನವಾದರೂ ಉರಿಯುವುದಕ್ಕೆ ಆಮ್ಲಜನಕ ಬೇಕು. ಹೃದಯದ ಎಟಿಪಿಯ ಶೇಕಡಾ 95ರಷ್ಟು ಆಮ್ಲಜನಕವನ್ನು ಬಳಸಿಯೇ ತಯಾರಾಗುತ್ತದೆ. ಕೊಬ್ಬು ದೊಡ್ಡ ಕಟ್ಟಿಗೆಯಿದ್ದಂತೆ, ಹೆಚ್ಚು ಶಾಖ ಕೊಡುತ್ತದೆ. ಆದರೆ ಅಷ್ಟೇ ಎಟಿಪಿ ತಯಾರಿಸಲು ಗ್ಲೂಕೋಸಿಗಿಂತ ಶೇಕಡಾ 10ರಿಂದ 12ರಷ್ಟು ಹೆಚ್ಚು ಆಮ್ಲಜನಕ ಬೇಡುತ್ತದೆ. ಗಾಳಿ ಚೆನ್ನಾಗಿ ಆಡುವ ಒಲೆಯಲ್ಲಿ ಇದು ದೊಡ್ಡ ವಿಷಯವಲ್ಲ. ಗಾಳಿ ಕಡಿಮೆಯಾದ ಒಲೆಯಲ್ಲಿ ದೊಡ್ಡ ವಿಷಯ.

ಮೇಲಾಗಿ ಹೃದಯಕ್ಕೆ ಆಮ್ಲಜನಕದ ಉಳಿತಾಯ ಖಾತೆ ಇಲ್ಲ. ದೇಹದ ಬೇರೆ ಭಾಗಗಳು ರಕ್ತದಲ್ಲಿರುವ ಆಮ್ಲಜನಕದ ಕಾಲು ಭಾಗವನ್ನಷ್ಟೇ ತೆಗೆದುಕೊಂಡು ಉಳಿದದ್ದನ್ನು ಹಿಂದಕ್ಕೆ ಕಳಿಸುತ್ತವೆ. ಹೃದಯ ಸುಮ್ಮನೆ ಕುಳಿತಾಗಲೂ ಶೇಕಡಾ 70ಕ್ಕಿಂತ ಹೆಚ್ಚು ಹೀರಿಬಿಡುತ್ತದೆ. ಕೆಲಸ ಹೆಚ್ಚಾದಾಗ ಅದಕ್ಕಿರುವ ದಾರಿ ಒಂದೇ, ಹೆಚ್ಚು ರಕ್ತ ತರಿಸಿಕೊಳ್ಳುವುದು. ರಕ್ತನಾಳ ಕಿರಿದಾಗಿದ್ದರೆ ಆ ದಾರಿಯೂ ಇಲ್ಲ. ಏರು ಹತ್ತುವಾಗ ಎದೆ ಹಿಡಿದಂತಾಗಿ, ನಿಂತರೆ ಸರಿಹೋಗುವ ನೋವು ಇದೇ ಕಾರಣಕ್ಕೆ ಬರುತ್ತದೆ.

ಒಲೆ ಆರಿದಾಗ

ಈಗ ಆ ರಾತ್ರಿಗೆ ಮರಳೋಣ. ಹೃದಯದ ಒಂದು ರಕ್ತನಾಳದಲ್ಲಿ ಹೆಪ್ಪು ಕಟ್ಟಿ ರಕ್ತ ಪೂರ್ತಿ ನಿಂತಿತು ಎಂದುಕೊಳ್ಳಿ. ಕೆಲವೇ ಸೆಕೆಂಡುಗಳಲ್ಲಿ ಅಲ್ಲಿಯ ಆಮ್ಲಜನಕ ಮುಗಿಯುತ್ತದೆ, ಮೈಟೋಕಾಂಡ್ರಿಯಗಳು ಕೆಲಸ ನಿಲ್ಲಿಸುತ್ತವೆ. ಗಲ್ಲಾಪೆಟ್ಟಿಗೆಯ ಕ್ರಿಯಾಟಿನ್ ಫಾಸ್ಫೇಟ್ ಬೇಗನೆ ಖಾಲಿಯಾಗುತ್ತದೆ. ಒಂದು ನಿಮಿಷದೊಳಗೆ ಆ ಭಾಗದ ಸ್ನಾಯು ಕುಗ್ಗುವುದನ್ನು ನಿಲ್ಲಿಸುತ್ತದೆ. ಇದು ಸಾವಲ್ಲ, ಖರ್ಚು ಉಳಿಸುವ ಉಪಾಯ. ಆಮ್ಲಜನಕವಿಲ್ಲದೆ ಗ್ಲೂಕೋಸನ್ನು ಅರೆಬರೆ ಉರಿಸುವ ಹಳೆಯ ದಾರಿಯೊಂದು ಉಳಿದಿರುತ್ತದೆ. ಆದರೆ ಆಮ್ಲಜನಕ ಇದ್ದಾಗ ಒಂದು ಗ್ಲೂಕೋಸ್ ಅಣುವಿನಿಂದ ಸುಮಾರು 30 ಎಟಿಪಿ ಸಿಕ್ಕಿದರೆ ಈ ದಾರಿಯಲ್ಲಿ ಸಿಗುವುದು ಎರಡು ಮಾತ್ರ. ಜೊತೆಗೆ ಆಮ್ಲ ತುಂಬಿಕೊಳ್ಳುತ್ತದೆ, ಕೊನೆಗೆ ಆ ದಾರಿಯೂ ಮುಚ್ಚುತ್ತದೆ.

ಹತ್ತು ನಿಮಿಷದ ಹೊತ್ತಿಗೆ ಎಟಿಪಿ ಅರ್ಧಕ್ಕೆ ಇಳಿದಿರುತ್ತದೆ. 20ರಿಂದ 40 ನಿಮಿಷಗಳಲ್ಲಿ ಕೋಶಗಳು ಮತ್ತೆ ಚೇತರಿಸಿಕೊಳ್ಳಲಾರದಂತೆ ಸಾಯತೊಡಗುತ್ತವೆ. ಎಲ್ಲವೂ ಒಮ್ಮೆಗೇ ಸಾಯುವುದಿಲ್ಲ. ರೈಮರ್ ಮತ್ತು ಜೆನ್ನಿಂಗ್ಸ್ ಎಂಬ ಅಮೆರಿಕದ ವಿಜ್ಞಾನಿಗಳು 1970ರ ದಶಕದಲ್ಲಿ ನಾಯಿಗಳ ಹೃದಯದಲ್ಲಿ ಇದನ್ನು ತೋರಿಸಿದರು. ಸಾವು ಹೃದಯದ ಗೋಡೆಯ ಒಳಪದರದಲ್ಲಿ ಶುರುವಾಗಿ, ಅಲೆಯಂತೆ, ಕೆಲವು ಗಂಟೆಗಳಲ್ಲಿ ಹೊರಪದರದ ಕಡೆಗೆ ಸಾಗುತ್ತದೆ. ಆ ಅಲೆ ಹೊರಗೆ ತಲುಪುವ ಮೊದಲು ರಕ್ತನಾಳ ತೆರೆದರೆ ಉಳಿದ ಸ್ನಾಯು ಬದುಕುತ್ತದೆ. ನಾವು ಸೋಡಾ ಕುಡಿಸಿ ಬೆಳಗಿಗೆ ಕಾದ ಎಂಟು ಗಂಟೆಗಳಲ್ಲಿ ಆ ಅಲೆ ತಂದೆಯವರ ಹೃದಯದಲ್ಲಿ ಹೆಚ್ಚಿನ ದಾರಿಯನ್ನು ಕ್ರಮಿಸಿತ್ತು. ನಾನು ಕಲಿತ ಪಾಠದಲ್ಲಿ ಇದೆಲ್ಲ ಇತ್ತು. ಪಾಠಕ್ಕೂ ತಂದೆಗೂ ಸಂಬಂಧ ಇದೆಯೆಂದು ಮಾತ್ರ ನಾನು ಕಲಿತಿರಲಿಲ್ಲ.

ಕಣಜ ತುಂಬಿದ ಮನೆಯಲ್ಲಿ ಹಸಿವು

ಸಕ್ಕರೆ ಕಾಯಿಲೆ ಇರುವವರ ಹೃದಯದ ಕಥೆ ಬೇರೆ. ಗ್ಲೂಕೋಸ್ ಹೃದಯದ ಕೋಶದೊಳಗೆ ಹೋಗುವುದಕ್ಕೆ ಬಾಗಿಲುಗಳಿವೆ. ಅವುಗಳಲ್ಲಿ ಮುಖ್ಯವಾದವನ್ನು ತೆರೆಯುವ ಕೀಲಿಕೈ ಇನ್ಸುಲಿನ್. ಕೀಲಿಕೈ ಇಲ್ಲದಿದ್ದರೆ, ಅಥವಾ ಬೀಗ ಕೀಲಿಕೈಗೆ ಬಗ್ಗದಿದ್ದರೆ, ಗ್ಲೂಕೋಸ್ ರಕ್ತದಲ್ಲೇ ಉಳಿಯುತ್ತದೆ. ಇತ್ತ ಇನ್ಸುಲಿನ್ನಿನ ಹಿಡಿತ ತಪ್ಪಿದ ಕೊಬ್ಬು ರಕ್ತಕ್ಕೆ ಹೆಚ್ಚು ಹೆಚ್ಚಾಗಿ ಬಿಡುಗಡೆಯಾಗುತ್ತದೆ. ಕೊಬ್ಬು ಹೆಚ್ಚು ಉರಿದಂತೆ ಗ್ಲೂಕೋಸಿನ ಬಳಕೆ ಇನ್ನಷ್ಟು ಕುಗ್ಗುತ್ತದೆ. ಈ ಎರಡರ ನಡುವಿನ ಪೈಪೋಟಿಯನ್ನು 1963ರಲ್ಲಿ ಬ್ರಿಟನ್ನಿನ ಫಿಲಿಪ್ ರಾಂಡ್ಲ್ ಮತ್ತು ಸಂಗಡಿಗರು ವಿವರಿಸಿದರು. ಅದನ್ನು ಇಂದಿಗೂ ರಾಂಡ್ಲ್ ಚಕ್ರ ಎಂದೇ ಕರೆಯುತ್ತಾರೆ.

ಪರಿಣಾಮವೇನು? ಹೃದಯ ಹೆಚ್ಚುಕಡಿಮೆ ಕೊಬ್ಬೊಂದನ್ನೇ ನೆಚ್ಚಿಕೊಳ್ಳುತ್ತದೆ. ಹೆಚ್ಚು ಆಮ್ಲಜನಕ ಬೇಡುತ್ತದೆ. ಉರಿಸಲಾಗದ ಕೊಬ್ಬು ಕೋಶದಲ್ಲಿ ಶೇಖರವಾಗಿ ಹಾನಿ ಮಾಡುತ್ತದೆ. ತಂದೆಯವರ ಪ್ರಶ್ನೆಗೆ ಉತ್ತರದ ಒಂದು ಭಾಗ ಇಲ್ಲಿದೆ: ತಿಂದದ್ದು ಎಲ್ಲಿಗೂ ಹೋಗಲಿಲ್ಲ, ಬಾಗಿಲಿನ ಹೊರಗೇ ನಿಂತಿತ್ತು. ಕಣಜ ತುಂಬಿದ ಮನೆಯಲ್ಲಿ ಒಲೆ ಹತ್ತದ ಸ್ಥಿತಿ ಅದು. ಅಮೆರಿಕದ ಫ್ರೇಮಿಂಗ್‌ಹ್ಯಾಮ್ ಎಂಬ ಊರಿನ ಜನರನ್ನು ವರ್ಷಗಟ್ಟಲೆ ಗಮನಿಸಿದ ಅಧ್ಯಯನ 1974ರಲ್ಲಿ ಒಂದು ಸಂಗತಿ ಹೇಳಿತು. ಸಕ್ಕರೆ ಕಾಯಿಲೆಯಿರುವ ಗಂಡಸರಲ್ಲಿ ಹೃದಯ ವೈಫಲ್ಯ ಎರಡು ಪಟ್ಟು, ಹೆಂಗಸರಲ್ಲಿ ಐದು ಪಟ್ಟು ಹೆಚ್ಚು. ತಾಯಂದಿರೇ, ಈ ಐದು ಪಟ್ಟು ಎಂಬ ಮಾತು ನಿಮಗಾಗಿ. ಮನೆಯವರ ಮಾತ್ರೆಯನ್ನು ನೆನಪಿಸಿ ಕೊಡುವ ನೀವು ನಿಮ್ಮ ರಕ್ತ ಪರೀಕ್ಷೆಯನ್ನು ಮಾತ್ರ ಮುಂದಕ್ಕೆ ಹಾಕುತ್ತೀರಿ.

ಇದರ ಜೊತೆಗೆ ಸಕ್ಕರೆ ಕಾಯಿಲೆ ನರಗಳನ್ನೂ ಮಂದಗೊಳಿಸುತ್ತದೆ. ಆದ್ದರಿಂದಲೇ ಹಲವರಿಗೆ ಹೃದಯಾಘಾತವಾದರೂ ಎದೆನೋವು ಬರುವುದಿಲ್ಲ. ಬೆವರು, ಏದುಸಿರು, ಸುಸ್ತು, ವಾಂತಿ ಬರುವಂತಾಗುವುದು, ಹೊಟ್ಟೆಯ ಮೇಲ್ಭಾಗದ ಹಿಡಿತ ಇಷ್ಟೇ ಕಾಣಬಹುದು. ನಾವು ಗ್ಯಾಸ್ ಎಂದದ್ದು ಇದನ್ನೇ.

ಸೋತ ಎತ್ತಿಗೆ ಚಾಟಿ

ಆಘಾತದಿಂದಲೋ, ವರ್ಷಗಟ್ಟಲೆ ಇದ್ದ ರಕ್ತದೊತ್ತಡದಿಂದಲೋ ಹೃದಯ ದುರ್ಬಲವಾದ ಮೇಲೆ ಏನಾಗುತ್ತದೆ? ಕೊಬ್ಬನ್ನು ಉರಿಸುವ ಶಕ್ತಿ ಕುಗ್ಗುತ್ತದೆ. ಹೃದಯ ಗರ್ಭದಲ್ಲಿದ್ದಾಗಿನ ಹಳೆಯ ಅಭ್ಯಾಸಕ್ಕೆ ಮರಳಿ ಗ್ಲೂಕೋಸನ್ನು ಆಮ್ಲಜನಕವಿಲ್ಲದೆ ಒಡೆಯುವ ದಾರಿ ಹಿಡಿಯುತ್ತದೆ. ಆದರೆ ಅದರಿಂದ ಹೊಟ್ಟೆ ತುಂಬುವುದಿಲ್ಲ. ಸಕ್ಕರೆ ಕಾಯಿಲೆಯ ಹೃದಯ ಕೊಬ್ಬಿಗೆ ಅಂಟಿಕೊಂಡರೆ ಸೋತ ಹೃದಯ ಕೊಬ್ಬನ್ನು ಬಿಡುತ್ತದೆ. ದಿಕ್ಕು ಬೇರೆ, ನಷ್ಟ ಒಂದೇ. ಹೊತ್ತಿಗೆ ತಕ್ಕ ಇಂಧನ ಆರಿಸಿಕೊಳ್ಳುವ ಆ ಗುಣ ಹೋಗಿಬಿಡುತ್ತದೆ.

ಇದು ಬರೀ ಊಹೆಯಲ್ಲ. ಎಂಆರ್‌ಐ ಯಂತ್ರದಂಥ ಯಂತ್ರದಿಂದಲೇ, ಎದೆ ತೆರೆಯದೆ, ಹೃದಯದ ಕ್ರಿಯಾಟಿನ್ ಫಾಸ್ಫೇಟ್ ಮತ್ತು ಎಟಿಪಿಯ ಪ್ರಮಾಣವನ್ನು ಅಳೆಯಬಹುದು. ಸ್ಟೆಫಾನ್ ನೊಯ್‌ಬಾವರ್ ಮತ್ತು ಸಂಗಡಿಗರು 1997ರಲ್ಲಿ ಜರ್ಮನಿಯಲ್ಲಿ ಹಿಗ್ಗಿದ ಹೃದಯದ ರೋಗಿಗಳನ್ನು ಹೀಗೆ ಅಳೆದು, ಗಲ್ಲಾಪೆಟ್ಟಿಗೆ ಬರಿದಾಗಿದ್ದವರು ಉಳಿದವರಿಗಿಂತ ಹೆಚ್ಚಾಗಿ ಸಾವಿಗೆ ಈಡಾದರೆಂದು ತೋರಿಸಿದರು. ಸುಬ್ಬರಾವ್ ಎಪ್ಪತ್ತು ವರ್ಷಗಳ ಹಿಂದೆ ಸ್ನಾಯುವಿನಲ್ಲಿ ಕಂಡ ವಸ್ತುವೇ ಇಲ್ಲಿ ರೋಗಿಯ ಆಯುಷ್ಯದ ಸೂಚಕವಾಯಿತು.

ಹಾಗಾದರೆ ಚಿಕಿತ್ಸೆ ಏನು? ಹೃದಯ ನಿಧಾನವಾಗಿ ಕುಗ್ಗುತ್ತಿದೆ, ಜೋರಾಗಿ ಕುಗ್ಗುವಂತೆ ಮಾಡಿದರೆ ಸರಿಹೋಗುತ್ತದೆ ಎಂದು ಯಾರಿಗಾದರೂ ಅನ್ನಿಸುತ್ತದೆ. ವೈದ್ಯರಿಗೂ ಹಾಗೆಯೇ ಅನ್ನಿಸಿತ್ತು. ಮಿಲ್ರಿನೋನ್ ಎಂಬ ಔಷಧಿ ಹೃದಯದ ಕುಗ್ಗುವಿಕೆಯನ್ನು ಬಲಪಡಿಸುತ್ತದೆ. ತೀವ್ರ ಹೃದಯ ವೈಫಲ್ಯದ ರೋಗಿಗಳಿಗೆ ಅದರ ಮಾತ್ರೆಯನ್ನು ಕೊಟ್ಟು ನೋಡಿದ ದೊಡ್ಡ ಪರೀಕ್ಷೆಯ ಫಲಿತಾಂಶ 1991ರಲ್ಲಿ ಬಂತು. ಸಾವು ಕಡಿಮೆಯಾಗಲಿಲ್ಲ, ಶೇಕಡಾ 28ರಷ್ಟು ಹೆಚ್ಚಾಗಿತ್ತು. ಸೋತ ಎತ್ತಿಗೆ ಚಾಟಿ ಬೀಸಿದಂತಾಗಿತ್ತು. ಬೀಟಾ ಬ್ಲಾಕರ್ ಎಂಬ ಇನ್ನೊಂದು ಬಗೆಯ ಔಷಧಿ ಹೃದಯದ ಬಡಿತವನ್ನು ನಿಧಾನ ಮಾಡುತ್ತದೆ, ಅದರ ಖರ್ಚನ್ನು ತಗ್ಗಿಸುತ್ತದೆ. ದುರ್ಬಲ ಹೃದಯಕ್ಕೆ ಇದನ್ನು ಕೊಡಲೇಬಾರದು ಎಂದು ಒಂದು ಕಾಲದಲ್ಲಿ ಕಲಿಸುತ್ತಿದ್ದರು. ಆದರೆ 1999ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ಆ ಗುಂಪಿನ ಬಿಸೊಪ್ರೊಲಾಲ್ ಸಾವನ್ನು ಶೇಕಡಾ 34ರಷ್ಟು ಕಡಿಮೆ ಮಾಡಿತು. ದಣಿದವನಿಗೆ ಬೇಕಾದದ್ದು ಗದರಿಕೆಯಲ್ಲ, ಹೊರೆ ಇಳಿಸುವುದು ಎಂಬ ಲೋಕಾನುಭವವೇ ಇಲ್ಲಿಯೂ ನಿಜವಾಯಿತು.

ಇತ್ತೀಚಿನ ಬೆಳವಣಿಗೆ ಇನ್ನೂ ಕುತೂಹಲದ್ದು. ಮೂತ್ರದ ಮೂಲಕ ಸಕ್ಕರೆಯನ್ನು ಹೊರಹಾಕುವ ಎಂಪಾಗ್ಲಿಫ್ಲೋಜಿನ್ ಎಂಬ ಮಾತ್ರೆಯನ್ನು ಸಕ್ಕರೆ ಕಾಯಿಲೆಗೆಂದು ತಯಾರಿಸಿದ್ದರು. 2015ರ ಪರೀಕ್ಷೆಯಲ್ಲಿ ಅದು ಹೃದಯ ವೈಫಲ್ಯಕ್ಕಾಗಿ ಆಸ್ಪತ್ರೆ ಸೇರುವುದನ್ನು ಶೇಕಡಾ 35ರಷ್ಟು ಕಡಿಮೆ ಮಾಡಿತು. ಅದೇ ಗುಂಪಿನ ಡಾಪಾಗ್ಲಿಫ್ಲೋಜಿನ್ ಸಕ್ಕರೆ ಕಾಯಿಲೆ ಇಲ್ಲದ ದುರ್ಬಲ ಹೃದಯದವರಿಗೂ ನೆರವಾಗುತ್ತದೆಂದು 2019ರಲ್ಲಿ ತಿಳಿಯಿತು. ಏಕೆ? ಈ ಮಾತ್ರೆಗಳು ರಕ್ತದಲ್ಲಿ ಕೀಟೋನನ್ನು ಸ್ವಲ್ಪ ಏರಿಸುತ್ತವೆ. ಸೋತ ಹೃದಯ ಕೀಟೋನನ್ನು ಹೆಚ್ಚಾಗಿ ಬಳಸತೊಡಗುತ್ತದೆ ಎಂದು 2016ರ ಅಧ್ಯಯನಗಳು ತೋರಿಸಿದವು. ಇದೇ ಕಾರಣವಿರಬೇಕೆಂದು ಕೆಲವರು, ಉಪ್ಪು ನೀರು ಹೊರಹೋಗಿ ಹೊರೆ ಇಳಿಯುವುದೇ ಕಾರಣವೆಂದು ಬೇರೆ ಕೆಲವರು ವಾದಿಸುತ್ತಾರೆ. ವಾದ ಇನ್ನೂ ಮುಗಿದಿಲ್ಲ. ಮುಗಿಸುವವರು ನಿಮ್ಮಲ್ಲೇ ಒಬ್ಬರು ಏಕಾಗಬಾರದು? ಎಂಪಾಗ್ಲಿಫ್ಲೋಜಿನ್‌ನ ಪೇಟೆಂಟ್ ಅವಧಿ ಭಾರತದಲ್ಲಿ 2025ರ ಮಾರ್ಚ್‌ನಲ್ಲಿ ಮುಗಿದು ಬೆಲೆ ಇಳಿದದ್ದರಿಂದ ಸಾಮಾನ್ಯರಿಗೂ ಅದು ಎಟಕುವಂತಾಗಿದೆ.

ಇಲ್ಲಿ ಒಂದು ಎಚ್ಚರಿಕೆಯ ಮಾತು. ರಮಝಾನ್ ಉಪವಾಸದಲ್ಲಿ ಆರೋಗ್ಯವಂತರ ದೇಹ ಹಗಲು ಕಳೆದಂತೆ ಸಕ್ಕರೆಯಿಂದ ಕೊಬ್ಬಿನ ಕಡೆಗೆ ಸಹಜವಾಗಿ ಹೊರಳುತ್ತದೆ. ಆದರೆ ಇನ್ಸುಲಿನ್ ತೆಗೆದುಕೊಳ್ಳುವವರು, ಈಗ ಹೇಳಿದ ಮಾತ್ರೆಗಳನ್ನು ನುಂಗುವವರು, ದುರ್ಬಲ ಹೃದಯದವರು ಆ ತಿಂಗಳು ಬರುವ ಮೊದಲೇ ತಮ್ಮ ವೈದ್ಯರನ್ನು ಕಾಣಬೇಕು. ಮದ್ದಿನ ಪ್ರಮಾಣವನ್ನೂ ಹೊತ್ತನ್ನೂ ಬದಲಿಸಬೇಕಾಗಬಹುದು, ಉಪವಾಸ ಬೇಡವೆಂದೂ ಹೇಳಬಹುದು. ಕಾಯಿಲೆಯವರಿಗೆ ಇರುವ ವಿನಾಯಿತಿ ನಿಮಗೆ ತಿಳಿಯದ್ದಲ್ಲ. ಯಾರನ್ನೂ ಕೇಳದೆ ಮಾತ್ರೆ ಬಿಡುವುದು ಮಾತ್ರ ಅಪಾಯ.

ನೀವು ಮಾಡಬೇಕಾದದ್ದು

ಈ ವಿಜ್ಞಾನವೆಲ್ಲ ಮನೆಗೆ ಉಪಯೋಗವಾಗುವಂತೆ ನಾಲ್ಕು ಮಾತು ಹೇಳುತ್ತೇನೆ.

ಮೊದಲನೆಯದು, ನಲವತ್ತು ದಾಟಿದವರಿಗೆ, ಅದರಲ್ಲೂ ಸಕ್ಕರೆ ಕಾಯಿಲೆಯಿದ್ದವರಿಗೆ, ದಿಢೀರನೆ ಬೆವರು ಬಂದು ಉಸಿರು ಕಟ್ಟಿದರೆ ಗ್ಯಾಸ್ ಎಂದು ನೀವೇ ತೀರ್ಮಾನಿಸಬೇಡಿ. ಗ್ಯಾಸ್ ಹೌದೋ ಅಲ್ಲವೋ ಎಂದು ಇಸಿಜಿ ಹೇಳಲಿ. ನಮ್ಮ ತಂದೆಯ ಕಾಲದಲ್ಲಿ ಆ ಹೊತ್ತಿನಲ್ಲಿ ಆಟೋ ಕೂಡ ಸಿಗುತ್ತಿರಲಿಲ್ಲ. ಈಗ 108ಕ್ಕೆ ಕರೆ ಮಾಡಬಹುದು. ರಾಜ್ಯ ಸರಕಾರದ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಲ್ಲಿ ತಾಲೂಕು ಆಸ್ಪತ್ರೆಗಳಲ್ಲೂ ಇಸಿಜಿ ತೆಗೆದು, ಅಗತ್ಯವಿದ್ದವರಿಗೆ ಹೆಪ್ಪು ಕರಗಿಸುವ ದುಬಾರಿ ಚುಚ್ಚುಮದ್ದನ್ನು ಉಚಿತವಾಗಿ ಕೊಡುವ ವ್ಯವಸ್ಥೆ ಬಂದಿದೆ. ನಿಮಗೆ ಹತ್ತಿರದ ಅಂಥ ಆಸ್ಪತ್ರೆ ಯಾವುದೆಂದು ಇವತ್ತೇ ಕೇಳಿ ತಿಳಿದುಕೊಳ್ಳಿ, ಆ ರಾತ್ರಿಯಲ್ಲ.

ಎರಡನೆಯದು, ನಡೆಯಿರಿ. ದುಡಿಯುವ ಸ್ನಾಯು ಇನ್ಸುಲಿನ್ನಿನ ಕೀಲಿಕೈಗೆ ಕಾಯದೆ ಗ್ಲೂಕೋಸಿಗೆ ಬಾಗಿಲು ತೆರೆಯುತ್ತದೆ. ದಿನವೂ ನಡೆಯುವವರ ಸ್ನಾಯುಗಳಲ್ಲಿ ಮೈಟೋಕಾಂಡ್ರಿಯಗಳೂ ಹೆಚ್ಚುತ್ತವೆ. ಮೂರನೆಯದು, ಬೀಡಿ ಸಿಗರೇಟು ಬಿಡಿ. ಅದರ ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡ್ ರಕ್ತದಲ್ಲಿ ಆಮ್ಲಜನಕದ ಜಾಗವನ್ನು ಕಸಿದುಕೊಳ್ಳುತ್ತದೆ. ಉಳಿತಾಯವೇ ಇಲ್ಲದ ಹೃದಯದ ಜೇಬಿಗೆ ಕತ್ತರಿ ಹಾಕಿದಂತೆ. ನಾಲ್ಕನೆಯದು, ಶಕ್ತಿ ಕೊಡುತ್ತದೆ ಎಂದು ಜಾಹೀರಾತು ಮಾಡುವ ಸಿಹಿ ಪಾನೀಯಗಳಿಂದ ಹೃದಯಕ್ಕೆ ಬಲ ಬರುವುದಿಲ್ಲ. ಕೊರತೆ ಇರುವುದು ದಾಸ್ತಾನಿನಲ್ಲಲ್ಲ, ಅದನ್ನು ನಗದು ಮಾಡುವುದರಲ್ಲಿ.

ಪ್ರೀತಿಯ ವಿದ್ಯಾರ್ಥಿಗಳೇ, ಕೊನೆಯ ಮಾತು ನಿಮಗೆ. ಇಂದು ನಿಮ್ಮ ಅಂಕಗಳಿಗಾಗಿ ನಾವು ಚಪ್ಪಾಳೆ ತಟ್ಟಿದೆವು, ಅದು ನಿಮಗೆ ಸಲ್ಲಬೇಕಾದದ್ದೇ. ಆದರೆ ಕ್ರೆಬ್ಸ್ ಚಕ್ರಕ್ಕೆ ಪೂರ್ಣ ಅಂಕ ಪಡೆದ ಹುಡುಗನೊಬ್ಬ ಅದೇ ತಿಂಗಳು ತನ್ನ ತಂದೆಗೆ ಸೋಡಾ ಕುಡಿಸಿ ಕುಳಿತಿದ್ದ ಎಂಬುದನ್ನು ಮರೆಯಬೇಡಿ. ಪುಸ್ತಕದಲ್ಲಿ ಓದಿದ್ದನ್ನು ನಿಮ್ಮ ಮನೆಯ ಜಗಲಿಯಲ್ಲಿ, ಬೀದಿಯಲ್ಲಿ, ಅಂಗಡಿಯ ಮೆಟ್ಟಿಲಿನ ಮೇಲೆ ಗುರುತಿಸಲು ಕಲಿಯಿರಿ. ಈ ರಾತ್ರಿ ಮನೆಗೆ ಹೋದ ಮೇಲೆ ತಂದೆಯ ಹತ್ತಿರ, ತಾಯಿಯ ಹತ್ತಿರ ಎರಡು ಪ್ರಶ್ನೆ ಕೇಳಿ: ಕೊನೆಯ ಸಲ ಸಕ್ಕರೆ ಮತ್ತು ರಕ್ತದೊತ್ತಡ ಪರೀಕ್ಷೆ ಮಾಡಿಸಿದ್ದು ಯಾವಾಗ? ಮೆಟ್ಟಿಲು ಹತ್ತುವಾಗ ಈಗೀಗ ಉಸಿರು ಕಟ್ಟುತ್ತಿದೆಯೇ? ನನ್ನ ತಂದೆಯನ್ನು ನಾನು ಆ ಪ್ರಶ್ನೆ ಕೇಳಿರಲಿಲ್ಲ.